ನಿಂತಲ್ಲೇ ಮುಪ್ಪಾಗುವ ಕಾರು

ಹಳೆಯ ಕಾರು ಕೊಳ್ಳಲು ಹೋದವರು ಮೊದಲು ಬಗ್ಗಿ ನೋಡುವುದು ಅದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು. ಕಡಿಮೆ ಓಡಿದ್ದರೆ ಗಾಡಿ ಗಟ್ಟಿ, ಹೆಚ್ಚು ಓಡಿದ್ದರೆ ಸವೆದಿದೆ ಎಂಬುದು ನಮ್ಮ ಲೆಕ್ಕ. ದಿನವೂ ಕಚೇರಿಗೆ ಹೋಗಿಬರುವ ಕಾರಿಗೆ ಈ ಲೆಕ್ಕ ಬಹುಮಟ್ಟಿಗೆ ಸರಿಯೇ. ಮೂವತ್ತು ವರ್ಷ ದಾಟಿದ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಮಾತ್ರ ಅದು ಕೈಕೊಡುತ್ತದೆ. ಅಂಥ ಕಾರು ವರ್ಷದ ಹೆಚ್ಚಿನ ದಿನ ಷೆಡ್ಡಿನಲ್ಲಿ ಹೊದಿಕೆ ಹೊದ್ದು ನಿಂತಿರುತ್ತದೆ. ಬಿಸಿಲು ಹಿತವಾಗಿರುವ ಒಂದು ಭಾನುವಾರ ಹೊರಗೆ ಬಂದು ಮತ್ತೆ ಒಳಗೆ ಸೇರುತ್ತದೆ. ಎಂಜಿನ್ನಿನೊಳಗಿನ ಲೋಹ ಸವೆಯಬೇಕಾದರೆ ಗಾಡಿ ಓಡಬೇಕು. ರಬ್ಬರು ಬಿರಿಯಲು, ಬ್ರೇಕಿನ ದ್ರವ ಗಾಳಿಯ ತೇವ ಹೀರಲು, ತಾಮ್ರದ ಜೋಡಣೆಗೆ ಕಿಲುಬು ಹತ್ತಲು, ಬಾಗಿಲ ಕೆಳಗಿನ ತಗಡಿಗೆ ತುಕ್ಕು ಹಿಡಿಯಲು ಓಡಬೇಕಾದ್ದೇ ಇಲ್ಲ. ನಿಂತಿದ್ದರೆ ಸಾಕು. ಹಾಗಾಗಿ ಇಂಥ ಕಾರಿನ ಬಹುಪಾಲು ಕಾಯಿಲೆಗಳು ವಯಸ್ಸಿನ ಕಾಯಿಲೆಗಳು. ಅವು ತಿಂಗಳುಗಟ್ಟಲೆ ಜಿನುಗುತ್ತ, ಬಣ್ಣ ಬದಲಿಸುತ್ತ, ಸಣ್ಣಗೆ ಸದ್ದು ಮಾಡುತ್ತ ಬರುತ್ತವೆ. ಅವನ್ನು ಹೊತ್ತಿಗೆ ಸರಿಯಾಗಿ ಹಿಡಿಯಲು ವಾರಕ್ಕೊಮ್ಮೆಯಾದರೂ ಕಾರನ್ನು ಕಣ್ಣಾರೆ ನೋಡುವವರು ಬೇಕು. ವರ್ಷಕ್ಕೊಮ್ಮೆ ಒಂದು ಗಂಟೆ ನೋಡುವ ಗ್ಯಾರೇಜಿನವರಿಗಿಂತ ಮಾಲೀಕರೇ ಆ ಕೆಲಸಕ್ಕೆ ಯೋಗ್ಯರು ಎಂಬುದು ಈ ಲೇಖನದ ವಾದ.

ವಾದ ಗಾಳಿಯಲ್ಲಿ ತೇಲಬಾರದೆಂದರೆ ಒಂದು ಕಾರನ್ನು ಮುಂದಿಟ್ಟುಕೊಳ್ಳಬೇಕು. ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗದು. ಅಮೆರಿಕದಲ್ಲಿ ಅದು ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್. ಬ್ರಿಟನ್ನಿನ ಹಗುರವಾದ, ತೆರೆದ ಛಾವಣಿಯ ಎರಡು ಸೀಟಿನ ಕಾರುಗಳ ಕಾಲ ಮುಗಿಯುತ್ತ ಬಂದಾಗ, ಅಂಥದ್ದೇ ಒಂದನ್ನು ಕೆಡದ ಹಾಗೆ ಏಕೆ ಮಾಡಬಾರದು ಎಂದು ಅಮೆರಿಕದ ವಾಹನ ಪತ್ರಕರ್ತ ಬಾಬ್ ಹಾಲ್ ಮಜ್ದಾದ ಕೆನಿಚಿ ಯಾಮಾಮೊಟೊ ಅವರಿಗೆ ಹೇಳಿದ್ದರಂತೆ. ಆ ಮಾತು ಬೆಳೆದು 1989ರ ಫೆಬ್ರವರಿಯಲ್ಲಿ ಷಿಕಾಗೊ ವಾಹನ ಪ್ರದರ್ಶನದಲ್ಲಿ ಕಾರಾಗಿ ನಿಂತಿತು. 1.6 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮುಂದೆ, ಓಟದ ಶಕ್ತಿ ಹಿಂದಿನ ಚಕ್ರಗಳಿಗೆ, ತೂಕ ಸುಮಾರು 950 ಕಿಲೋ. ಕುದುರೆ ಮತ್ತು ಸವಾರ ಒಂದೇ ದೇಹ ಎಂಬ ಜಪಾನಿನ ಹಳೆಯ ಕಲ್ಪನೆಯನ್ನು ಅದರ ಎಂಜಿನಿಯರುಗಳು ಗುರಿಯಾಗಿ ಇಟ್ಟುಕೊಂಡಿದ್ದರು. 1997ರವರೆಗೆ ಈ ಮೊದಲ ತಲೆಮಾರಿನ ಕಾರುಗಳೇ 4 ಲಕ್ಷಕ್ಕೂ ಹೆಚ್ಚು ತಯಾರಾದವು. ಎಲ್ಲ ತಲೆಮಾರುಗಳನ್ನೂ ಸೇರಿಸಿದರೆ 2016ರ ಏಪ್ರಿಲ್‌ನಲ್ಲಿ ಸಂಖ್ಯೆ 10 ಲಕ್ಷ ಮುಟ್ಟಿತು. ಭಾರತದಲ್ಲಿ ಮಜ್ದಾ ಈ ಕಾರನ್ನು ಮಾರಲಿಲ್ಲ. ನಮಗೆ ಆ ಹೆಸರು ಪರಿಚಯವಾದದ್ದು ಸ್ವರಾಜ್ ಮಜ್ದಾ ಮಿನಿಬಸ್ಸುಗಳಿಂದ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಮಾತ್ರ ಇದು ಕಡಿಮೆ ಬೆಲೆಗೆ ಕೈಗೆಟುಕುವ ಹಳೆಯ ಸ್ಪೋರ್ಟ್ಸ್ ಕಾರು.

ಈ ಕಾರು ಮಾಲೀಕರೊಂದಿಗೆ ಮಾತಾಡುವ ಕಾಲದ್ದು. ಅದಕ್ಕೊಂದು ಪುಟ್ಟ ಸಾಕ್ಷಿ ಅದರ ಡ್ಯಾಷ್‌ಬೋರ್ಡಿನಲ್ಲೇ ಇದೆ. 1994ರವರೆಗಿನ ಎಂಎಕ್ಸ್-5ರಲ್ಲಿ ಆಯಿಲ್ ಒತ್ತಡದ ಮುಳ್ಳು ನಿಜವಾದ ಒತ್ತಡವನ್ನು ತೋರಿಸುತ್ತದೆ. ಎಂಜಿನ್ ತಣ್ಣಗಿದ್ದಾಗ ಮೇಲೇರುತ್ತದೆ, ಬಿಸಿಯಾಗಿ ನಿಂತಲ್ಲೇ ತಿರುಗುವಾಗ ಇಳಿಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರುತ್ತದೆ. 1995ರಿಂದ ಮಜ್ದಾ ಅದನ್ನು ಬದಲಿಸಿತು. ಒತ್ತಡ ಒಂದು ಕನಿಷ್ಠ ಮಟ್ಟಕ್ಕಿಂತ ಮೇಲಿದ್ದರೆ ಮುಳ್ಳು ನಡುವಿನಲ್ಲೇ ನಿಲ್ಲುವ ಹಾಗಾಯಿತು. ನೋಡಲು ಎರಡೂ ಒಂದೇ. ಒಂದು ಸುದ್ದಿ ಹೇಳುತ್ತದೆ, ಇನ್ನೊಂದು ಸಮಾಧಾನ ಹೇಳುತ್ತದೆ. ಮುಂದೆ ಬಂದ ಕಾರುಗಳೆಲ್ಲ ಸಮಾಧಾನದ ದಾರಿಯನ್ನೇ ಹಿಡಿದವು. ಹಳೆಯ ಕಾರಿನ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಏನೂ ಅಡಗಿರುವುದಿಲ್ಲ. ಸ್ಪ್ಯಾನರುಗಳ ಒಂದು ಸೆಟ್, ಒಂದು ಮಲ್ಟಿಮೀಟರ್, ಟಾರ್ಕ್ ರೆಂಚ್, ಒಳ್ಳೆಯ ಟಾರ್ಚು, ಜೊತೆಗೆ ಆ ಕಾರಿನದೇ ರಿಪೇರಿ ಪುಸ್ತಕ ಇದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಇಂಥ ಪುಸ್ತಕಗಳಿಗೇ ಹೆಸರಾದ ಹೇನ್ಸ್ ಮಾಲೆ ಹುಟ್ಟಿದ್ದೂ ಒಂದು ಸ್ಪೋರ್ಟ್ಸ್ ಕಾರಿನಿಂದ. ಬ್ರಿಟನ್ನಿನ ವಾಯುಸೇನೆಯಲ್ಲಿದ್ದ ಜಾನ್ ಹೇನ್ಸ್ ಏಡನ್ನಿನಲ್ಲಿದ್ದಾಗ ಸಹೋದ್ಯೋಗಿಯೊಬ್ಬರ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನ ಎಂಜಿನ್ ಬಿಚ್ಚಿ ಜೋಡಿಸಲು ನೆರವಾದರು. ಕಂಪನಿಯ ಕೈಪಿಡಿ ಸಾಮಾನ್ಯ ಮಾಲೀಕನಿಗೆ ಅರ್ಥವಾಗುವಂತಿಲ್ಲ ಎಂಬುದು ಅಲ್ಲಿ ಅವರಿಗೆ ಹೊಳೆಯಿತು. 1966ರಲ್ಲಿ ಬಂದ ಅವರ ಮೊದಲ ರಿಪೇರಿ ಕೈಪಿಡಿ ಸ್ಪ್ರೈಟ್ ಕಾರಿನದೇ.

ಈಗ ವಾದದ ತಿರುಳಿಗೆ ಬರೋಣ. ಎಂಎಕ್ಸ್-5ರ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ಜಿನುಗಿ ನೆಲದ ಮೇಲೆ ಚುಕ್ಕೆ ಬೀಳುವುದು ಬಹಳ ಸಾಮಾನ್ಯ. ಕೆಳಗಿನಿಂದ ನೋಡಿದವರಿಗೆ ಅದು ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ದೊಡ್ಡ ಸೀಲ್ ಹೋದಂತೆಯೇ ಕಾಣುತ್ತದೆ. ಆ ಸೀಲ್ ಬದಲಿಸಬೇಕಾದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಕೂಲಿಯೇ ಕಾರಿನ ಬೆಲೆಯ ದೊಡ್ಡ ಪಾಲನ್ನು ನುಂಗುತ್ತದೆ. ಮೇಲಿನಿಂದ, ಎಂಜಿನ್ನಿನ ಹಿಂಭಾಗಕ್ಕೆ ಟಾರ್ಚು ಬಿಟ್ಟು ನೋಡಿದವರಿಗೆ ಬೇರೆಯದೇ ಕಾಣುತ್ತದೆ. ಅಲ್ಲಿ ಕ್ಯಾಮ್ ಶಾಫ್ಟಿನ ತುದಿಗೆ ಕೂತ ಒಂದು ಸೆನ್ಸರ್ ಇದೆ. ಕ್ಯಾಮ್ ಎಷ್ಟು ತಿರುಗಿದೆ ಎಂಬುದನ್ನು ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಅದರ ಕೊರಳಿಗೆ ಒಂದು ರಬ್ಬರಿನ ಓ-ರಿಂಗ್ ಸುತ್ತಿದೆ. ಬಿಸಿಯಲ್ಲಿ ಬೆಂದು ಬೆಂದು ಆ ಉಂಗುರ ಪ್ಲಾಸ್ಟಿಕ್ಕಿನ ಹಾಗೆ ಗಡುಸಾಗುತ್ತದೆ, ಸಂದಿನಿಂದ ಆಯಿಲ್ ಹನಿಹನಿಯಾಗಿ ಎಂಜಿನ್ನಿನ ಬೆನ್ನಿನ ಮೇಲೆ ಇಳಿದು ಗೇರ್‌ಬಾಕ್ಸಿನ ಮೇಲಿಂದ ಹರಿದು ಕೆಳಗೆ ತೊಟ್ಟಿಕ್ಕುತ್ತದೆ. ಉಂಗುರದ ಬೆಲೆ ಒಂದು ಲೋಟ ಕಾಫಿಯ ಬೆಲೆಗಿಂತ ಹೆಚ್ಚಲ್ಲ. ಬಿಚ್ಚುವ ಮುನ್ನ ಸೆನ್ಸರ್ ಯಾವ ಕೋನದಲ್ಲಿ ಕೂತಿದೆ ಎಂದು ಗೀರು ಹಾಕಿಕೊಳ್ಳಬೇಕು, ಏಕೆಂದರೆ ಅದನ್ನು ತಿರುಗಿಸಿದರೆ ಕಿಡಿ ಹೊತ್ತುವ ಸಮಯವೇ ಬದಲಾಗುತ್ತದೆ. ಮತ್ತೆ ಕೂರಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಅದು 10 ಡಿಗ್ರಿಯಲ್ಲಿದೆಯೇ ಎಂದು ಪರೀಕ್ಷಿಸಬೇಕು. ಅವಸರದ ರೋಗನಿರ್ಣಯ ಬೆಟ್ಟ ಅಗೆಯುತ್ತದೆ, ಇಲಿ ಮಾತ್ರ ಬೆಟ್ಟದ ಮೇಲೆಯೇ ಕೂತಿರುತ್ತದೆ. ಎಲ್ಲ ಮೆಕ್ಯಾನಿಕ್‌ಗಳೂ ಹೀಗೆ ಎಡವುತ್ತಾರೆ ಎಂದು ನಾನು ಹೇಳುತ್ತಿಲ್ಲ. ಆಯಿಲ್ ಎಲ್ಲಿ ಬೀಳುತ್ತದೆ ಎಂಬುದು ಒಂದು ಪ್ರಶ್ನೆ, ಎಲ್ಲಿಂದ ಹೊರಟಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಗಬೇಕಾದರೆ ಎಂಜಿನ್ನನ್ನು ಒರೆಸಿ ಒಣಗಿಸಿ, ಒಂದೆರಡು ದಿನ ಓಡಿಸಿ, ಮತ್ತೆ ನೋಡುವ ವ್ಯವಧಾನ ಬೇಕು. ಆ ವ್ಯವಧಾನ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವ ಜಾಗದಲ್ಲಿ ದುಬಾರಿ, ಮನೆಯ ಅಂಗಳದಲ್ಲಿ ಅಗ್ಗ.

ಕ್ಲಚ್ಚಿನ ಕಥೆಯೂ ಹೀಗೆಯೇ. ಪೆಡಲ್ ತುಳಿದಾಗ ಒತ್ತಡ ದ್ರವದ ಮೂಲಕ ಗೇರ್‌ಬಾಕ್ಸಿನ ಪಕ್ಕದ ಪುಟ್ಟ ಸ್ಲೇವ್ ಸಿಲಿಂಡರಿಗೆ ಹೋಗುತ್ತದೆ. ಅದರೊಳಗಿನ ರಬ್ಬರ್ ಸೀಲ್ ಈ ಕಾರಿನಲ್ಲಿ ಪದೇ ಪದೇ ಸೋಲುವ ಭಾಗ. ಒಂದು ಬೆಳಿಗ್ಗೆ ಪೆಡಲ್ ನೆಲಕ್ಕೆ ಬಿದ್ದು ಗೇರ್ ಕೂರದಿದ್ದಾಗ ‘ಕ್ಲಚ್ ಪ್ಲೇಟ್ ಹೋಯಿತು’ ಎಂದು ಗಾಬರಿಯಾಗುವುದು ಸಹಜ. ಆದರೆ ಸೀಲ್ ಒಂದೇ ದಿನದಲ್ಲಿ ಸೋತದ್ದಲ್ಲ. ಅದಕ್ಕೂ ವಾರಗಳ ಮೊದಲೇ ಕ್ಲಚ್ಚಿನ ಡಬ್ಬಿಯ ದ್ರವ ಕಪ್ಪಾಗಿರುತ್ತದೆ, ಮಟ್ಟ ಇಳಿದಿರುತ್ತದೆ, ರಿವರ್ಸ್ ಹಾಕುವಾಗ ಗೇರು ಕರಕರ ಎಂದಿರುತ್ತದೆ. ವಾರಕ್ಕೊಮ್ಮೆ ಡಬ್ಬಿ ನೋಡುವವರಿಗೆ ಇದು ಮುನ್ಸೂಚನೆ, ನೋಡದವರಿಗೆ ಅಪಘಾತ. ಬ್ರೇಕಿನ ದ್ರವದ್ದು ಇನ್ನೂ ಗಂಭೀರ ವಿಷಯ. ಅದು ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುವ ಜಾತಿಯದು. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ; ತೇವ ಹೀರಿದ ದ್ರವಕ್ಕೆ ಅದೇ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಕಾದು ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಒತ್ತಡ ಚಕ್ರಕ್ಕೆ ತಲುಪುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಲು ಬೇಕಾದದ್ದು ಒಂದು ಸ್ಪ್ಯಾನರ್, ಒಂದು ಪಾರದರ್ಶಕ ನಳಿಗೆ, ಪೆಡಲ್ ತುಳಿಯಲು ಮನೆಯವರೊಬ್ಬರು. ಕಡಿಮೆ ಓಡಿದ ಕಾರಿಗೆ ಇದು ಬೇಡ ಎನ್ನುವವರು ದ್ರವ ಕಿಲೋಮೀಟರ್ ಎಣಿಸುವುದಿಲ್ಲ ಎಂಬುದನ್ನು ನೆನೆಯಬೇಕು. ಟೈರೂ ಎಣಿಸುವುದಿಲ್ಲ. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೀರುಗಳು ಆಳವಾಗಿಯೇ ಇದ್ದರೂ ಹದಿನೈದು ವರ್ಷದ ಟೈರು ಒದ್ದೆ ರಸ್ತೆಯಲ್ಲಿ ಹಿಡಿತ ಕೊಡದು.

ಬಣ್ಣದಿಂದಲೇ ಸುದ್ದಿ ಕೊಡುವ ಇನ್ನೊಂದು ಭಾಗ ರೇಡಿಯೇಟರ್. ಅದರ ಮೇಲಿನ ಪ್ಲಾಸ್ಟಿಕ್ ತೊಟ್ಟಿ ಹೊಸದಾಗಿದ್ದಾಗ ಅಚ್ಚ ಕಪ್ಪು. ಬಿಸಿನೀರಿನಲ್ಲಿ ವರ್ಷಗಟ್ಟಲೆ ಬೆಂದ ಮೇಲೆ ಅದು ಕಂದಾಗಿ, ಆಮೇಲೆ ಹಸಿರು ಮಿಶ್ರಿತ ಹಳದಿಯಾಗುತ್ತದೆ. ಹಳದಿಯಾದ ತೊಟ್ಟಿ ಯಾವತ್ತು ಬಿರಿಯುತ್ತದೆ ಎಂದು ಹೇಳಲಾಗದು, ಬಿರಿಯುತ್ತದೆ ಎಂದು ಮಾತ್ರ ಖಚಿತವಾಗಿ ಹೇಳಬಹುದು. ಬಿರಿದದ್ದು ಗಮನಕ್ಕೆ ಬಾರದೆ ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಿ, ರೇಡಿಯೇಟರಿನ ಹಲವು ಪಟ್ಟು ಖರ್ಚು ಮೈಮೇಲೆ ಬರುತ್ತದೆ.

ಆದರೂ ಈ ಕಾರುಗಳನ್ನು ನಿಜಕ್ಕೂ ಗುಜರಿಗೆ ಕಳಿಸುವುದು ಎಂಜಿನ್ ಅಲ್ಲ, ಮಳೆನೀರು. ಇದನ್ನು ಸ್ವಲ್ಪ ವಿವರಿಸಬೇಕು. ಬಟ್ಟೆಯ ಛಾವಣಿಯ ಮೇಲೆ ಬಿದ್ದ ನೀರು ಹಿಂದಕ್ಕೆ ಹರಿದು, ಸೀಟುಗಳ ಹಿಂದಿರುವ ಒಂದು ಕಾಲುವೆಗೆ ಬೀಳುತ್ತದೆ. ಆ ಕಾಲುವೆಯ ಎರಡು ತುದಿಗಳಿಂದ ಎರಡು ನಳಿಗೆಗಳು ಕೆಳಗಿಳಿದು ಹಿಂಚಕ್ರದ ಮುಂದೆ ನೀರನ್ನು ಹೊರಬಿಡುತ್ತವೆ. ನಮ್ಮ ಹೆಂಚಿನ ಮನೆಯ ದೋಣಿಗೂ ಇದಕ್ಕೂ ವ್ಯತ್ಯಾಸವಿಲ್ಲ. ದೋಣಿಯಲ್ಲಿ ತರಗೆಲೆ ಕೂತರೆ ಗೋಡೆ ನೆನೆಯುತ್ತದೆ. ಮರದಡಿ ನಿಂತ ಕಾರಿನ ನಳಿಗೆಯಲ್ಲಿ ಎಲೆ, ಧೂಳು, ಪಾಚಿ ಸೇರಿ ಗಟ್ಟಿಯಾಗುತ್ತವೆ. ನೀರು ಉಕ್ಕಿ ಬಾಗಿಲ ಕೆಳಗಿನ ಪೊಳ್ಳು ಪೆಟ್ಟಿಗೆಯಂಥ ತಗಡಿನ, ಅಂದರೆ ಸಿಲ್‌ನ, ಒಳಗೆ ಇಳಿದು ನಿಲ್ಲುತ್ತದೆ. ಹೊರಗಿನ ಬಣ್ಣ ಮಿರುಗುತ್ತಿರುವಾಗಲೇ ತುಕ್ಕು ಒಳಗಿನಿಂದ ತಿನ್ನುತ್ತ ಬರುತ್ತದೆ. ಬಣ್ಣದ ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ತಗಡೇ ಉಳಿದಿರುವುದಿಲ್ಲ. ಛಾವಣಿಯಿಲ್ಲದ ಕಾರಿನಲ್ಲಿ ಸಿಲ್ ಬರೀ ಅಂಚುಪಟ್ಟಿಯಲ್ಲ, ಮುಂದನ್ನೂ ಹಿಂದನ್ನೂ ಹಿಡಿದಿಡುವ ಬೆನ್ನೆಲುಬಿನ ಭಾಗ. ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ನಡೆಯುವ ಎಂಒಟಿ ಪರೀಕ್ಷೆಯಲ್ಲಿ, ಸೀಟ್ ಬೆಲ್ಟ್ ಮತ್ತು ಸಸ್ಪೆನ್ಷನ್ ಕಟ್ಟಿದ ಜಾಗದ ಹತ್ತಿರ ತುಕ್ಕು ತಗಡನ್ನು ದುರ್ಬಲ ಮಾಡಿದ್ದರೆ ಕಾರು ಫೇಲು. ಹೊಸ ತಗಡು ಕತ್ತರಿಸಿ ಬೆಸೆಯುವುದು ದೊಡ್ಡ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ. ಅದನ್ನು ತಡೆಯುವ ಕೆಲಸವೋ, ಮಳೆಗಾಲಕ್ಕೆ ಮುಂಚೆ ಆ ನಳಿಗೆಯೊಳಗೆ ಒಂದು ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ ಆಡಿಸಿ, ಅರ್ಧ ಚೊಂಬು ನೀರು ಸುರಿದು, ಅದು ಚಕ್ರದ ಮುಂದೆ ಹೊರಬಂತೇ ಎಂದು ನೋಡುವುದು. ಹತ್ತು ನಿಮಿಷದ ಈ ಕೆಲಸವನ್ನು ಸರ್ವೀಸಿನ ಪಟ್ಟಿಯಲ್ಲಿ ಹಾಕಿ ಬಿಲ್ ಮಾಡುವ ಗ್ಯಾರೇಜು ಅಪರೂಪ. ಸರ್ವೀಸಿನ ಪಟ್ಟಿ ತಯಾರಾದದ್ದು ಓಡುವ ಕಾರಿಗಾಗಿ, ನಿಂತ ಕಾರಿಗಾಗಿ ಅಲ್ಲ.

ದೋಷ ಹುಡುಕುವ ಕಲೆ ಎಂದರೆ ಹಲವರಿಗೆ ಕಷ್ಟದ ವಿದ್ಯೆಯಂತೆ ತೋರುತ್ತದೆ. ಅದು ಲೆಕ್ಕದ ಮೇಷ್ಟ್ರು ಕಲಿಸುವ ತರ್ಕಕ್ಕಿಂತ ಹೆಚ್ಚಿನದೇನಲ್ಲ. ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂದುಕೊಳ್ಳಿ; ಏರು ಹತ್ತುವಾಗ ಕಾರು ಮುಗ್ಗರಿಸುತ್ತದೆ. ಎಂಎಕ್ಸ್-5ರಲ್ಲಿ ಎರಡು ಇಗ್ನಿಷನ್ ಕಾಯಿಲ್‌ಗಳಿವೆ. ಒಂದು 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದು 2 ಮತ್ತು 3ನೇ ಸಿಲಿಂಡರಿಗೆ ಕಿಡಿ ಕೊಡುತ್ತದೆ. ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಎಂಜಿನ್ ನಿಲ್ಲಿಸಿ ಒಂದು ಇಂಜೆಕ್ಟರಿನ ಕನೆಕ್ಟರ್ ಕಳಚಿ ಮತ್ತೆ ಚಾಲೂ ಮಾಡಬೇಕು. ನಡುಕ ಹೆಚ್ಚಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ಬದಲಾಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಒಂದು ಜೋಡಿಯ ಎರಡೂ ಸತ್ತಿದ್ದರೆ ಅನುಮಾನ ಕಾಯಿಲ್ ಮೇಲೆ. ಒಂದೇ ಸತ್ತಿದ್ದರೆ ಅದರ ಪ್ಲಗ್ ಅಥವಾ ಪ್ಲಗ್ ವಯರಿನ ಮೇಲೆ. ವಯರನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ರೋಗವೂ ಜೊತೆಗೆ ಹೋದರೆ ವಯರೇ ರೋಗಿ. ಈ ಕಾರಿನಲ್ಲಿ ಹತ್ತರಲ್ಲಿ ಹಲವು ಸಲ ಅದೇ ರೋಗಿಯಾಗಿರುತ್ತದೆ. ಇದೇ ರೀತಿ ಎಂಜಿನ್ ಹೊತ್ತಿಕೊಂಡು ತಕ್ಷಣ ನಿಂತುಹೋದರೆ, 1.6 ಲೀಟರ್ ಮಾದರಿಯಲ್ಲಿ ಮೊದಲು ನೋಡಬೇಕಾದದ್ದು ಗಾಳಿ ಹೀರುವ ದಪ್ಪ ರಬ್ಬರ್ ಕೊಳವೆಯನ್ನು. ಒಳನುಗ್ಗುವ ಗಾಳಿಯ ರಭಸಕ್ಕೆ ತೆರೆದುಕೊಳ್ಳುವ ಒಂದು ಕದ ಅಲ್ಲಿದೆ. ಎಂಜಿನ್ ತಿರುಗುತ್ತಿರುವಾಗ ಪೆಟ್ರೋಲ್ ಪಂಪಿಗೆ ಕರೆಂಟ್ ಹೋಗುವಂತೆ ಮಾಡುವ ಸ್ವಿಚ್ ಆ ಕದದ ಜೊತೆಗೇ ಇದೆ. ಕೊಳವೆ ಹರಿದು ಗಾಳಿ ಅಡ್ಡದಾರಿ ಹಿಡಿದರೆ ಕದ ತೆರೆಯದು, ಪಂಪು ನಿಲ್ಲುತ್ತದೆ. ಪಂಪು ಕೆಟ್ಟಿದೆ ಎಂದು ಹೊಸದನ್ನು ತಂದು ಹಾಕಿದರೂ ಕಾರು ಓಡುವುದಿಲ್ಲ.

ಕಾರಿನ ಕಂಪ್ಯೂಟರ್ ಕೂಡ ಈ ಹುಡುಕಾಟಕ್ಕೆ ನೆರವಾಗುತ್ತದೆ. ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೆ 1996ರ ಮಾದರಿಯಿಂದ ಓಬಿಡಿ-2 ಎಂಬ ಒಂದೇ ಬಗೆಯ ಸಾಕೆಟ್ ಕಡ್ಡಾಯವಾಯಿತು. ಅದಕ್ಕೆ ಹಿಂದಿನ ಮಿಯಾಟಾದಲ್ಲಿ ಬಾನೆಟ್ಟಿನಡಿಯ ಪುಟ್ಟ ಡಬ್ಬಿಯಲ್ಲಿ ಎರಡು ತುದಿಗಳನ್ನು ಒಂದು ತುಂಡು ವಯರಿನಿಂದ ಸೇರಿಸಿ, ಬೀಗದ ಕೈ ತಿರುಗಿಸಿದರೆ ಎಚ್ಚರಿಕೆಯ ದೀಪ ಮಿಣುಕಿ ಮಿಣುಕಿ ದೋಷದ ಸಂಖ್ಯೆ ಹೇಳುತ್ತದೆ. ಸಂಖ್ಯೆ ಹೇಳುವುದು ಯಾವ ತಂತಿಯಿಂದ ದೂರು ಬಂದಿದೆ ಎಂಬುದನ್ನಷ್ಟೇ. ಸೆನ್ಸರ್ ಕೆಟ್ಟಿದೆಯೋ, ಕನೆಕ್ಟರಿನಲ್ಲಿ ಕಿಲುಬು ಕೂತಿದೆಯೋ, ಅರ್ಥಿಂಗ್ ಸಡಿಲವಾಗಿದೆಯೋ ಎಂಬುದನ್ನು ಮಲ್ಟಿಮೀಟರ್ ಹಿಡಿದು ನಾವೇ ನೋಡಬೇಕು. ಸಂಖ್ಯೆ ಕಂಡ ಕೂಡಲೇ ಆ ಭಾಗ ಕೊಂಡು ತರುವುದು, ಅದು ಸರಿಹೋಗದಿದ್ದರೆ ಮತ್ತೊಂದನ್ನು ತರುವುದು ರಿಪೇರಿಯಲ್ಲ, ಲಾಟರಿ. ಮನೆಯಲ್ಲಿ ಕೆಲಸ ಮಾಡುವವರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಒಂದೇ ದಿನ ಪ್ಲಗ್, ವಯರ್, ಸೆನ್ಸರ್ ಎಲ್ಲ ಬದಲಿಸಿದರೆ ಕಾರು ಸರಿಹೋದರೂ ಏನು ಕೆಟ್ಟಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದೂ ತಾರೀಖಿನೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ: ಇಷ್ಟು ಶಿಸ್ತಿಲ್ಲದವರು ಸ್ಪ್ಯಾನರ್ ಮುಟ್ಟದಿರುವುದೇ ಲೇಸು. ಕೇಳಿಸಿದ ಸದ್ದೆಲ್ಲ ರೋಗವೂ ಅಲ್ಲ. ಬಹಳ ದಿನ ನಿಂತ ಎಂಎಕ್ಸ್-5 ಚಾಲೂ ಆದಾಗ ಎಂಜಿನ್ನಿನ ಮೇಲ್ಭಾಗ ಹೊಲಿಗೆ ಯಂತ್ರದಂತೆ ಟಿಕ್‌ಟಿಕ್ ಎನ್ನುವುದುಂಟು. ವಾಲ್ವುಗಳ ಸಂದನ್ನು ಆಯಿಲ್ ಒತ್ತಡದಿಂದ ತುಂಬುವ ಪುಟ್ಟ ಭಾಗಗಳು ಬರಿದಾಗಿರುವುದೇ ಅದಕ್ಕೆ ಕಾರಣ. ಆಯಿಲ್ ಹೊಸದಾಗಿ, ಸರಿಯಾದ ದರ್ಜೆಯದಾಗಿದ್ದು ಎಂಜಿನ್ ಚೆನ್ನಾಗಿ ಬಿಸಿಯಾದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ ಅಪಾಯದ್ದು. ಬ್ರೇಕು, ಪೆಟ್ರೋಲು, ಒಂದು ಟನ್ ತೂಗುವ ಕಬ್ಬಿಣದ ಕೆಳಗೆ ಮಲಗುವುದು, ಇವು ಹವ್ಯಾಸಿಗಳ ಆಟವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಜಾಕ್ ಇರುವುದು ಎತ್ತಲು, ಹಿಡಿದು ನಿಲ್ಲಿಸಲು ಅಲ್ಲ. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಕೊಟ್ಟು, ಅಲುಗಾಡಿಸಿ ನೋಡದ ಹೊರತು ಕಾರಿನ ಕೆಳಗೆ ತಲೆ ಹಾಕಬಾರದು. ಇಟ್ಟಿಗೆ, ಕಲ್ಲು ಇಡುವುದು ಆತ್ಮಹತ್ಯೆಗೆ ಸಮ. ಏರ್‌ಬ್ಯಾಗ್, ಸಸ್ಪೆನ್ಷನ್ ಸ್ಪ್ರಿಂಗ್ ಬಿಚ್ಚುವುದು, ತಗಡು ಬೆಸೆಯುವುದು ಕಸುಬುದಾರರ ಕೆಲಸ, ಅವರಿಗೇ ಬಿಡಬೇಕು. ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಕಾರಿನ ಇತಿಹಾಸದಲ್ಲೇ ಪಾಠವಿದೆ. 1990 ಮತ್ತು 1991ರ ಮೊದಮೊದಲ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟಿನ ಮುಂದಿನ ಮೂತಿ ಗಿಡ್ಡ. ಸುಮಾರು 1 ಲಕ್ಷ ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್ ಬದಲಿಸುವಾಗ ಅಲ್ಲಿಯ ಬೋಲ್ಟನ್ನು ಹೇಳಿದಷ್ಟು ಬಿಗಿ ಮಾಡದಿದ್ದರೆ ಪುಲ್ಲಿ ಅಲುಗಿ ಅಲುಗಿ, ಬೆಣೆ ಕೂರುವ ತೋಡನ್ನೇ ತಿಂದುಹಾಕುತ್ತದೆ. ಟೈಮಿಂಗ್ ತಪ್ಪಿ ಎಂಜಿನ್ನಿನ ಶಕ್ತಿ ಸೋರಿಹೋಗುತ್ತದೆ. ಇದನ್ನು ಓದಿದವರು ‘ನೋಡಿ, ಅದಕ್ಕೇ ಗ್ಯಾರೇಜಿಗೆ ಕೊಡಿ’ ಎನ್ನಬಹುದು. ಆದರೆ ಬೋಲ್ಟಿಗೆ ಬಿಗಿದ ಕೈ ಯಾರದು ಎಂಬುದು ಗೊತ್ತಿಲ್ಲ, ಟಾರ್ಕ್ ರೆಂಚ್ ಬಳಸಿದರೇ ಇಲ್ಲವೇ ಎಂಬುದಷ್ಟೇ ಗೊತ್ತು. ಅಪಾಯವನ್ನು ಕಡಿಮೆ ಮಾಡುವುದು ಪುಸ್ತಕ ನೋಡಿ ಅಳತೆ ಪ್ರಕಾರ ಮಾಡುವ ಅಭ್ಯಾಸ. ತನ್ನ ಕಾರಿನ ಎಂಜಿನ್ ಗಿಡ್ಡ ಮೂತಿಯದು ಎಂದು ತಿಳಿದ ಮಾಲೀಕರು ಕೆಲಸವನ್ನು ಬೇರೆಯವರಿಗೆ ಕೊಟ್ಟರೂ ಅದನ್ನು ಹೇಳಿಯೇ ಕೊಡುತ್ತಾರೆ. ಮನೆಯ ಆರೈಕೆಯ ನಿಜವಾದ ಲಾಭ ಇದೇ ಎಂದು ನನ್ನ ಅಭಿಪ್ರಾಯ. ಉಳಿಯುವ ಕೂಲಿ ಎರಡನೆಯದು.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಹೊಗೆ ಕಾರುವ ಹಳೆಯ ವಾಹನಗಳನ್ನು ಹೀಗೆ ಬದುಕಿಸಿಡುವುದು ಊರಿನ ಗಾಳಿಗೆ ದ್ರೋಹವಲ್ಲವೇ? ಕೆಟ್ಟ ಸ್ಥಿತಿಯ ಹಳೆಯ ಕಾರು ಹೊಸ ಕಾರಿಗಿಂತ ಹೆಚ್ಚು ಮಲಿನ ಮಾಡುತ್ತದೆ, ಅದರಲ್ಲಿ ವಾದವಿಲ್ಲ. ಆದರೆ ಎಂಎಕ್ಸ್-5 ಕಾರ್ಬುರೇಟರ್ ಕಾಲದ್ದಲ್ಲ. ಇಂಜೆಕ್ಷನ್ನೂ ಕ್ಯಾಟಲಿಟಿಕ್ ಕನ್ವರ್ಟರೂ ಇರುವಂಥದ್ದು. ಕ್ಯಾಲಿಫೋರ್ನಿಯಾದಲ್ಲಿ 1976ರಿಂದೀಚಿನ ಪೆಟ್ರೋಲ್ ಕಾರುಗಳು ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆಗೆ ನಿಲ್ಲಬೇಕು. ಅಲ್ಲಿಯ ಮಿಯಾಟಾಗಳೂ ಅದನ್ನು ಪಾಸಾಗಿಯೇ ರಸ್ತೆಯಲ್ಲಿವೆ. ಪಾಸಾಗದ ಹಾಗೆ ಮಾಡುವುದು ಮಿಸ್ಸಿಂಗ್ ಹೊಡೆಯುವ ಸಿಲಿಂಡರ್, ಬಿರಿದ ಕೊಳವೆ, ಸತ್ತ ಆಕ್ಸಿಜನ್ ಸೆನ್ಸರ್. ಮಿಸ್ಸಿಂಗ್ ಹೊಡೆದಾಗ ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿದು ಅದನ್ನೇ ಕರಗಿಸುತ್ತದೆ. ಅಂದರೆ ಮೇಲೆ ಹೇಳಿದ ಆರೈಕೆಯೇ ಗಾಳಿಯ ರಕ್ಷಣೆಯೂ ಹೌದು. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡುವ, ಪರೀಕ್ಷೆ ಪಾಸಾಗುವ ಕಾರಿನ ಬಗ್ಗೆ ಈ ದೂರು ನಿಲ್ಲದು. ಪರೀಕ್ಷೆಯನ್ನೇ ತಪ್ಪಿಸುವವರ ಬಗ್ಗೆ ಖಂಡಿತ ನಿಲ್ಲುತ್ತದೆ. ಇಳಿಸಿದ ಹಳೆಯ ಆಯಿಲನ್ನು ಚರಂಡಿಗೆ ಸುರಿಯುವವರಿಗೂ ಇದೇ ಮಾತು. ಅದನ್ನು ಡಬ್ಬಿಯಲ್ಲಿ ತುಂಬಿ ಸಂಗ್ರಹಿಸುವವರಿಗೆ ಕೊಡಲು ಆಗದಿದ್ದರೆ ಮನೆಯಲ್ಲಿ ಆಯಿಲ್ ಬದಲಿಸುವ ಹಕ್ಕು ಅವರಿಗಿಲ್ಲ.

ಬಿಡಿಭಾಗ ಸಿಗದಿದ್ದರೆ ಈ ಆರೈಕೆಯೆಲ್ಲ ಎಲ್ಲಿಗೆ ಬಂತು ಎಂಬ ಪ್ರಶ್ನೆಯೂ ಇದೆ. ಎಂಎಕ್ಸ್-5ಕ್ಕೆ ಇಲ್ಲಿ ಅದೃಷ್ಟವಿದೆ. 2017ರಲ್ಲಿ ಮಜ್ದಾ ಕಂಪನಿಯೇ ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳನ್ನು ಹೊಸದರಂತೆ ಮಾಡಿಕೊಡುವ ಸೇವೆಯನ್ನು ಘೋಷಿಸಿ, ನಿಂತುಹೋಗಿದ್ದ ಬಟ್ಟೆಯ ಛಾವಣಿ, ಮರದ ಸ್ಟೀರಿಂಗ್ ಚಕ್ರ ಮುಂತಾದವನ್ನು ಮತ್ತೆ ತಯಾರಿಸಲು ಹೊರಟಿತು. ಅಂದಿನ ನಮೂನೆಯ ಟೈರನ್ನು ಬ್ರಿಜ್‌ಸ್ಟೋನ್ ಹೊಸದಾಗಿ ಮಾಡಿಕೊಟ್ಟಿತು. ಗ್ರಾಹಕರು ಕಾರನ್ನು ಉಳಿಸಿಕೊಂಡಿದ್ದರಿಂದಲೇ ಕಂಪನಿ ಹಿಂದೆ ತಿರುಗಿ ನೋಡಿತು. ಕಂಪನಿಯೇ ಇಲ್ಲವಾದ ಕಡೆಯೂ ಇದು ನಡೆಯುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲಿದೆ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕುಗಳು ಮೈಸೂರು, ಬೆಂಗಳೂರುಗಳ ರಸ್ತೆಯಲ್ಲಿ ಇಂದಿಗೂ ಓಡುತ್ತಿವೆ, ಏಕೆಂದರೆ ಅವುಗಳ ಮಾಲೀಕರು ಕಾರ್ಬುರೇಟರ್ ಬಿಚ್ಚಿ ತೊಳೆಯುವುದನ್ನು, ಪಾಯಿಂಟ್ ಸರಿಮಾಡುವುದನ್ನು ತಾವೇ ಕಲಿತರು. ಕಲಿತವರಿದ್ದ ಕಾರಣ ಬಿಡಿಭಾಗ ಮಾರುವವರೂ ಉಳಿದರು.

ನಿಮ್ಮ ಬಳಿ ಇಂಥ ಕಾರಿದ್ದರೆ, ಇಲ್ಲವೇ ಹೊರದೇಶದಲ್ಲಿರುವ ನಿಮ್ಮ ಮಗನೋ ಮಗಳೋ ಒಂದನ್ನು ಕೊಂಡಿದ್ದರೆ, ಶುರುಮಾಡಲು ದೊಡ್ಡ ಸಲಕರಣೆ ಬೇಡ. ಈ ಭಾನುವಾರ ಬಾನೆಟ್ ಎತ್ತಿ ಕ್ಲಚ್ಚಿನ ಡಬ್ಬಿಯಲ್ಲಿ ದ್ರವದ ಬಣ್ಣ ನೋಡಿ, ರೇಡಿಯೇಟರಿನ ತೊಟ್ಟಿಯ ಬಣ್ಣ ನೋಡಿ, ಟೈರಿನ ನಾಲ್ಕು ಅಂಕಿಗಳನ್ನು ಓದಿ, ಮೂರನ್ನೂ ತಾರೀಖು ಹಾಕಿ ಬರೆದಿಡಿ. ಆಮೇಲೆ ಸೀಟಿನ ಹಿಂದಿನ ನಳಿಗೆಗೆ ಅರ್ಧ ಚೊಂಬು ನೀರು ಸುರಿಯಿರಿ. ಹಿಂಚಕ್ರದ ಮುಂದೆ ನೀರು ಕಾಣದಿದ್ದರೆ ಅಂದೇ ಕಡ್ಡಿ ಆಡಿಸಿ ತೆರವು ಮಾಡಿ. ಮುಂದಿನ ಮಳೆಯವರೆಗೆ ಕಾಯಬೇಡಿ.